ಹೆಸರು ಹಾಕುವವರ ಹೊಣೆ

ನಮ್ಮ ವಿದ್ಯಾಸಂಸ್ಥೆಯ ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಪತ್ರ ಬರೆದಾಗ, ಹಳೆಯ ವಿದ್ಯಾರ್ಥಿಗಳು ವಾಡಿಕೆಯಾಗಿ ಬರೆಯುವಂತೆ ಉಚಿತ ಪ್ರಸಾದ ನಿಲಯದ ದಿನಗಳನ್ನೂ ನಮಗೆ ಅಕ್ಷರ ಕಲಿಸಿದ ಗುರುವೃಂದವನ್ನೂ ನೆನೆದು ನಾಲ್ಕು ಪುಟ ಬರೆಯೋಣವೆಂದೇ ನಾನು ಯೋಚಿಸಿದ್ದೆನು. ಆದರೆ ಅದೇ ಪತ್ರದ ಕಡೆಯಲ್ಲಿ ಇನ್ನೊಂದು ವಿಷಯವೂ ಇದ್ದಿತು. ಸಂಸ್ಥೆಯ ಕಾಲೇಜುಗಳಲ್ಲಿರುವ ಅಧ್ಯಾಪಕರ ಅನುಕೂಲಕ್ಕಾಗಿ ಬರುವ ವರ್ಷದಿಂದ ಸಂಶೋಧನ ಪತ್ರಿಕೆಯೊಂದನ್ನು ಹೊರಡಿಸುವ ಆಲೋಚನೆ ನಡೆದಿದೆಯೆಂದೂ, ಅದರ ವೆಚ್ಚಕ್ಕಾಗಿ ಇಬ್ಬರು ದಾನಿಗಳು ಮುಂದೆ ಬಂದಿರುವರೆಂದೂ, ಸಲಹಾ ಮಂಡಲಿಯಲ್ಲಿ ನನ್ನ ಹೆಸರನ್ನು ಸೇರಿಸಿಕೊಳ್ಳಲು ಒಪ್ಪಿಗೆ ನೀಡಬೇಕೆಂದೂ ಬರೆದಿದ್ದರು. “ತಮಗೆ ಇದರಿಂದ ಯಾವ ತೊಂದರೆಯೂ ಇರುವುದಿಲ್ಲ, ಹೆಸರು ಮಾತ್ರ ಇರುತ್ತದೆ” ಎಂಬ ಭರವಸೆಯನ್ನೂ ಕೊಟ್ಟಿದ್ದರು.

ಒಪ್ಪಿಗೆಯ ಪತ್ರವನ್ನು ನಾನಿನ್ನೂ ಕಳುಹಿಸಿಲ್ಲ. ನನ್ನ ಮೌನವನ್ನು ಮಿತ್ರರು ಉದಾಸೀನವೆಂದು ಭಾವಿಸಬಾರದೆಂಬ ಕಾರಣದಿಂದ, ಕೊಡಬೇಕಾದ ಉತ್ತರವನ್ನು ಇಲ್ಲಿಯೇ ಎಲ್ಲರೆದುರಿಗೆ ಕೊಡುತ್ತಿದ್ದೇನೆ. ‘ಅನುಕೂಲಕ್ಕಾಗಿ’ ಎಂಬ ಮಾತೂ ‘ಹೆಸರು ಮಾತ್ರ’ ಎಂಬ ಮಾತೂ ಕೂಡಿಯೇ ನನ್ನನ್ನು ಯೋಚನೆಗೆ ಹಚ್ಚಿದುವು. ವಿದ್ವತ್ ಪತ್ರಿಕೆಯೆಂಬುದು ಯಾರ ಅನುಕೂಲಕ್ಕಾಗಿ ಹುಟ್ಟಿತು? ಅದರಲ್ಲಿ ಹೆಸರು ಹಾಕುವವನು ಏನನ್ನು ಒಪ್ಪಿಕೊಂಡಂತಾಯಿತು?

ಈ ಬಗೆಯ ಪತ್ರಿಕೆ ಹುಟ್ಟಿದ್ದು ೧೬೬೫ರಲ್ಲಿ. ಆ ವರ್ಷದ ಜನವರಿಯಲ್ಲಿ ಪ್ಯಾರಿಸ್ಸಿನಲ್ಲಿ ಒಂದು, ಮಾರ್ಚಿಯಲ್ಲಿ ಲಂಡನ್ನಿನಲ್ಲಿ ಇನ್ನೊಂದು ಹೊರಬಂದುವು. ಎರಡನೆಯದನ್ನು ಪ್ರಾರಂಭಿಸಿದವನು ರಾಯಲ್ ಸೊಸೈಟಿಯ ಕಾರ್ಯದರ್ಶಿ ಹೆನ್ರಿ ಓಲ್ಡೆನ್‌ಬರ್ಗ್. ಆ ಸೊಸೈಟಿಯ ಧ್ಯೇಯವಾಕ್ಯದ ತಾತ್ಪರ್ಯ, ಯಾರ ಮಾತನ್ನೂ ಮಾತೆಂಬ ಮಾತ್ರಕ್ಕೆ ನಂಬಬೇಡ ಎಂಬುದು. ಆದರೆ ಯೋಚಿಸಿ ನೋಡಿದರೆ ಪತ್ರಿಕೆಯನ್ನು ಓದುವವನು ನಂಬದೆ ಗತ್ಯಂತರವಿಲ್ಲ. ದೂರದಲ್ಲೆಲ್ಲೋ ಒಬ್ಬನು ಕಂಡದ್ದನ್ನು ಇನ್ನೆಲ್ಲೋ ಕುಳಿತವನು ಓದಿ, ಅದರ ಮೇಲೆ ತನ್ನ ಕೆಲಸವನ್ನು ಕಟ್ಟಬೇಕು. ಆದ್ದರಿಂದಲೇ ನಡುವೆ ಕೆಲವರು ನಿಂತು, ನಾವು ನೋಡಿದ್ದೇವೆ, ನಮಗೆ ತಿಳಿದ ಮಟ್ಟಿಗೆ ಇದು ಸರಿ ಎಂದು ಹೇಳಬೇಕಾಗುತ್ತದೆ. ಲೇಖಕ, ಸಹಲೇಖಕ, ಪರಿಶೀಲಕ, ಸಂಪಾದಕ ಎಂಬವರೆಲ್ಲ ಈ ಅರ್ಥದಲ್ಲಿ ಸಾಕ್ಷಿಗಳು.

ನಮ್ಮ ನಾಡಿಗೂ ಈ ಪರಂಪರೆ ಹೊಸದಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ಪತ್ರಿಕೆಯೂ, ಎ. ಆರ್. ಕೃಷ್ಣಶಾಸ್ತ್ರಿಗಳ ಶ್ರಮದಿಂದ ೧೯೧೯ರಲ್ಲಿ ಮೊದಲಾದ ‘ಪ್ರಬುದ್ಧ ಕರ್ನಾಟಕ’ವೂ ಒಂದು ಶತಮಾನದ ಹಿಂದಿನವು. ಬೆಂಗಳೂರಿನಿಂದ ‘ಕರೆಂಟ್ ಸೈನ್ಸ್’ ಹೊರಡತೊಡಗಿದ್ದು ೧೯೩೨ರಲ್ಲಿ. ಇನ್ನು ಡಾ. ಫ. ಗು. ಹಳಕಟ್ಟಿಯವರು ೧೯೨೬ರಿಂದ ನಡೆಸಿದ ‘ಶಿವಾನುಭವ’ವನ್ನು ಈ ಸಂಚಿಕೆಯ ಓದುಗರಿಗೆ ನಾನು ಪರಿಚಯಿಸಬೇಕಾಗಿಲ್ಲ. ವಕೀಲಿ ವೃತ್ತಿಯ ನಡುವೆ ತಾಡೋಲೆಗಳನ್ನು ಹುಡುಕಿ ತಂದು, ಸ್ವಂತ ಮುದ್ರಣಾಲಯವನ್ನಿಟ್ಟು, ಅವರು ಆ ಪತ್ರಿಕೆಯನ್ನು ನಡೆಸಿದ್ದು ಯಾರ ಬಡ್ತಿಯ ಅನುಕೂಲಕ್ಕಾಗಿಯೂ ಅಲ್ಲ. ವಚನವೊಂದರ ಕೊನೆಯಲ್ಲಿರುವ ಅಂಕಿತವು ಯಾರದೆಂದು ನಿರ್ಧರಿಸುವುದಕ್ಕಾಗಿ ವಿದ್ವಾಂಸರು ವರ್ಷಗಟ್ಟಲೆ ಪ್ರತಿಗಳನ್ನು ಹೋಲಿಸಿ ನೋಡಿರುವ ನಾಡಿನಲ್ಲಿ, ಬರೆಹದ ಕೆಳಗೆ ಬೀಳುವ ಹೆಸರು ಹಗುರವಾದ ವಸ್ತುವಾಗಬಾರದಾಗಿತ್ತು.

ಹೆಸರು ಹಗುರವಾದರೆ ಏನಾಗುತ್ತದೆಂಬುದಕ್ಕೆ ನಮ್ಮ ದೇಶದ್ದೇ ಆದ ಒಂದು ಪ್ರಸಂಗವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ನನ್ನದು ಕನ್ನಡ ವಿಷಯ. ಕಲ್ಲಿನ ಮೇಲಿನ ಅಕ್ಷರ ಅಲ್ಪಸ್ವಲ್ಪ ಗೊತ್ತೇ ಹೊರತು ಕಲ್ಲಿನ ಶಾಸ್ತ್ರ ಗೊತ್ತಿಲ್ಲ. ಅಧ್ಯಾಪಕರ ಕೊಠಡಿಯಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ ಭೂವಿಜ್ಞಾನದ ಮಿತ್ರರೊಬ್ಬರು ಇದನ್ನು ಮೊದಲು ಹೇಳಿದರು. ಆಮೇಲೆ ನಾನೇ ಹುಡುಕಿ ಓದಿಕೊಂಡೆನು.

ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ವಿ. ಜೆ. ಗುಪ್ತ ಎಂಬ ಭೂವಿಜ್ಞಾನಿಯಿದ್ದರು. ಹಿಮಾಲಯದ ಶಿಲಾಸ್ತರಗಳಲ್ಲಿ ದೊರೆಯುವ ಪಳೆಯುಳಿಕೆಗಳು ಅವರ ವಿಷಯ. ಸುಮಾರು ಇಪ್ಪತ್ತೈದು ವರ್ಷಗಳ ಅವಧಿಯಲ್ಲಿ ಮುನ್ನೂರಕ್ಕೂ ಹೆಚ್ಚು ಪ್ರಕಟಣೆಗಳಲ್ಲಿ ಅವರ ಹೆಸರಿತ್ತು. ಇಂಥ ಕಣಿವೆಯಲ್ಲಿ ಇಂಥ ಪಳೆಯುಳಿಕೆ ಸಿಕ್ಕಿತು, ಆದ್ದರಿಂದ ಅಲ್ಲಿನ ಬಂಡೆ ಇಷ್ಟು ಕೋಟಿ ವರ್ಷ ಹಳೆಯದು ಎಂದು ಅವರು ಬರೆದರೆ, ಇತರರು ಅದನ್ನು ಆಧಾರವಾಗಿಟ್ಟುಕೊಂಡು ಹಿಮಾಲಯದ ಚರಿತ್ರೆಯನ್ನು ಬರೆಯುತ್ತಿದ್ದರು. ಆಸ್ಟ್ರೇಲಿಯದ ಮೆಕ್ವಾರಿ ವಿಶ್ವವಿದ್ಯಾಲಯದ ಜಾನ್ ಟ್ಯಾಲೆಂಟ್ ಎಂಬ ವಿದ್ವಾಂಸರಿಗೆ ಈ ಬರೆಹಗಳಲ್ಲಿ ಸಂಶಯ ಹುಟ್ಟಿತು. ೧೯೮೭ರಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ನಡೆದ ವಿದ್ವದ್ಗೋಷ್ಠಿಯಲ್ಲಿ ಅವರು ಅದನ್ನು ಬಾಯಿ ಬಿಟ್ಟು ಹೇಳಿದರು. ೧೯೮೯ರ ಏಪ್ರಿಲ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು.

ಸಂಶಯದ ಸ್ವರೂಪ ಇಂತಿತ್ತು. ಕೊನೊಡಾಂಟ್ ಎಂಬ, ಮರಳಿನ ಕಣದಷ್ಟು ಚಿಕ್ಕದಾದ, ಹಲ್ಲಿನ ಆಕಾರದ ಪಳೆಯುಳಿಕೆಗಳುಂಟು. ಬಂಡೆಯ ವಯಸ್ಸನ್ನು ಗೊತ್ತುಮಾಡಲು ಇವು ಬಹು ಉಪಯುಕ್ತ. ಹಿಮಾಲಯದಲ್ಲಿ ದೊರೆತುವೆಂದು ಗುಪ್ತರು ಚಿತ್ರಸಹಿತ ಪ್ರಕಟಿಸಿದ ಕೊನೊಡಾಂಟುಗಳು, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆಮ್ಸ್‌ಡೆಲ್ ಎಂಬ ತೊರೆಯ ಬಳಿ ದೊರೆಯುವ ಪ್ರಸಿದ್ಧವಾದ ಮಾದರಿಗಳನ್ನು ಬಣ್ಣದಲ್ಲಿಯೂ ಸವೆತದಲ್ಲಿಯೂ ಪೂರ್ತಿಯಾಗಿ ಹೋಲುತ್ತಿದ್ದುವು. ನಾವು ಸಾಲಿಗ್ರಾಮವೆಂದು ಕರೆಯುವ ಶಿಲೆಯೊಳಗೆ ಸುರುಳಿಯಾಗಿ ಕಾಣುವ ಜೀವಿಯುಂಟಲ್ಲ, ಅದಕ್ಕೆ ದಾಯಾದಿಗಳಂತಿರುವ ಅಮೊನಾಯ್ಡ್‌ಗಳ ಕಥೆಯೂ ಹೀಗೆಯೇ. ಗುಪ್ತರ ಹಿಮಾಲಯದ ಅಮೊನಾಯ್ಡ್‌ಗಳು ಮೊರಾಕೊ ದೇಶದ ಎರ್ಫೂದ್ ಎಂಬಲ್ಲಿ ಸಿಗುವಂಥವು. ಅವನ್ನು ಹಣ ಕೊಟ್ಟು ಅಂಗಡಿಯಲ್ಲಿ ಕೊಂಡು ತರಬಹುದಾಗಿತ್ತು.

ಒಬ್ಬ ಮನುಷ್ಯನು ಸುಳ್ಳು ಹೇಳಿದನೆಂಬುದು ಇಲ್ಲಿ ದೊಡ್ಡ ವಿಷಯವಲ್ಲ. ಸುಳ್ಳು ಹೇಳುವವರು ಎಲ್ಲ ವೃತ್ತಿಗಳಲ್ಲಿಯೂ ಇದ್ದಾರೆ, ನಮ್ಮದೇನೂ ವಿಶೇಷವಲ್ಲ. ನನ್ನ ಆಶ್ಚರ್ಯವೆಲ್ಲ ಇಪ್ಪತ್ತೈದು ವರ್ಷ ಅದು ನಡೆದ ರೀತಿಯನ್ನು ಕುರಿತದ್ದು. ಗುಪ್ತರು ಒಬ್ಬರೇ ಬರೆಯುತ್ತಿರಲಿಲ್ಲ. ಯೂರೋಪು ಅಮೆರಿಕಗಳ ಹೆಸರಾಂತ ತಜ್ಞರಿಗೆ ಮಾದರಿಗಳನ್ನು ಕಳುಹಿಸಿ, ಇದು ಹಿಮಾಲಯದ ಇಂಥ ಜಾಗದಲ್ಲಿ ದೊರೆತದ್ದು ಎಂದು ತಿಳಿಸುತ್ತಿದ್ದರು. ಆ ತಜ್ಞರು ಮಾದರಿಯನ್ನು ಪರೀಕ್ಷಿಸಿ ಇದು ಇಂಥ ಪ್ರಭೇದವೆಂದು ಬರೆದುಕೊಡುತ್ತಿದ್ದರು. ಲೇಖನದಲ್ಲಿ ಇಬ್ಬರ ಹೆಸರೂ ಬರುತ್ತಿತ್ತು. ಪ್ರಭೇದವನ್ನು ಗುರುತಿಸಿದ್ದು ಸುಳ್ಳಲ್ಲ. ಆದರೆ ಲೇಖನದ ಜೀವವಿದ್ದದ್ದು ಅದು ದೊರೆತ ಸ್ಥಳದಲ್ಲಿ. ಆ ಸ್ಥಳವನ್ನು ಸಹಲೇಖಕರು ಕಣ್ಣಿನಿಂದ ಕಂಡಿರಲಿಲ್ಲ. ಪತ್ರಿಕೆಯ ಸಂಪಾದಕನು ತಜ್ಞನ ದೊಡ್ಡ ಹೆಸರನ್ನು ನೋಡಿದನು. ಪರಿಶೀಲಕನಿಗೆ ಹಿಮಾಲಯವನ್ನು ಹತ್ತಿ ನೋಡುವ ಅವಕಾಶವೆಲ್ಲಿ? ಅವನು ಸಂಪಾದಕನನ್ನೂ ತಜ್ಞನನ್ನೂ ನಂಬಿದನು. ಓದುಗನು ಇವರೆಲ್ಲರನ್ನೂ ನಂಬಿದನು. ಹೀಗೆ ಪ್ರತಿಯೊಬ್ಬನೂ ಇನ್ನೊಬ್ಬನು ನೋಡಿರಬೇಕೆಂದು ಭಾವಿಸಿದನೇ ಹೊರತು ನೋಡಿದವನು ಒಬ್ಬನೂ ಇರಲಿಲ್ಲ.

ಮುಂದಿನದು ಇನ್ನೂ ಬೇಸರದ ಭಾಗ. ವಿಶ್ವವಿದ್ಯಾಲಯವು ನಿವೃತ್ತ ನ್ಯಾಯಾಧೀಶರಿಂದ ವಿಚಾರಣೆ ನಡೆಸಿತು; ೧೯೯೪ರಲ್ಲಿ ಆರೋಪಗಳು ಸ್ಥಿರಪಟ್ಟುವು. ಆದರೂ ಗುಪ್ತರನ್ನು ಸೇವೆಯಿಂದ ತೆಗೆಯಲಿಲ್ಲ. ೨೦೦೨ರಲ್ಲಿ ಅವರು ಎಲ್ಲರಂತೆ ನಿವೃತ್ತರಾದರು. ಬೆಂಗಳೂರಿನಲ್ಲಿ ನೆಲೆಸಿರುವ ಭಾರತೀಯ ಭೂವೈಜ್ಞಾನಿಕ ಸಂಘದ ಪತ್ರಿಕೆಯನ್ನು ಆಗ ಡಾ. ಬಿ. ಪಿ. ರಾಧಾಕೃಷ್ಣ ಅವರು ಸಂಪಾದಿಸುತ್ತಿದ್ದರು. ಕನ್ನಡದಲ್ಲಿಯೂ ಒಳ್ಳೆಯ ಗದ್ಯ ಬರೆದವರು ಅವರು. ದೇಶದ ಮಾನ ಹೋಗುತ್ತದೆಂದು ವಿಷಯವನ್ನು ಮುಚ್ಚಿಡದೆ, ಅವರು ತಮ್ಮ ಪತ್ರಿಕೆಯಲ್ಲಿ ಇದನ್ನು ಬಹಿರಂಗವಾಗಿಯೇ ಚರ್ಚೆಗೆ ತಂದರು. ಸಂಪಾದಕನೆಂದರೆ ಯಾರೆಂದು ಕೇಳುವವರಿಗೆ ನಾನು ಈ ಒಂದು ನಿದರ್ಶನವನ್ನು ತೋರಿಸುತ್ತೇನೆ. ಆದರೆ ಒಮ್ಮೆ ಅಚ್ಚಾದ ಆ ಲೇಖನಗಳ ಪೈಕಿ ಬಹುಪಾಲನ್ನು ಅವನ್ನು ಪ್ರಕಟಿಸಿದ ಪತ್ರಿಕೆಗಳು ವಿಧ್ಯುಕ್ತವಾಗಿ ಹಿಂತೆಗೆದುಕೊಳ್ಳಲೇ ಇಲ್ಲ. ಗ್ರಂಥಾಲಯದ ಕಪಾಟಿನಲ್ಲಿ ಅವು ಇಂದೂ ಇವೆ. ಹಿನ್ನೆಲೆ ತಿಳಿಯದ ಹುಡುಗನೊಬ್ಬನು ನಾಳೆ ಅವನ್ನು ತೆಗೆದು ಓದಿ, ಟಿಪ್ಪಣಿ ಮಾಡಿಕೊಳ್ಳಬಹುದು.

ಚಂಡೀಗಢದ ಮಾತನ್ನು ಇಷ್ಟು ಧೈರ್ಯವಾಗಿ ಹೇಳಿದ ಮೇಲೆ ನನ್ನ ಮನೆಯ ಮಾತನ್ನೂ ಹೇಳಬೇಕಾದದ್ದು ನ್ಯಾಯ. ೧೯೮೭ರಲ್ಲಿ ನಾನು ಕೆಲಸ ಮಾಡುತ್ತಿದ್ದ ಕಾಲೇಜೊಂದು ತನ್ನ ಬೆಳ್ಳಿಹಬ್ಬದ ಅಂಗವಾಗಿ ಸಂಶೋಧನ ಸಂಪುಟವೊಂದನ್ನು ಹೊರತಂದಿತು. ಕಾಲೇಜು ಯಾವುದೆಂದು ಹೇಳುವುದರಿಂದ ಪ್ರಯೋಜನವಿಲ್ಲ. ಸಂಪಾದಕನು ನಾನೇ. ಆ ತಾಲ್ಲೂಕಿನ ಶಾಸನಗಳನ್ನು ಕುರಿತು ಹಿರಿಯ ಸಹೋದ್ಯೋಗಿಯೊಬ್ಬರು ಲೇಖನವನ್ನು ಕೊಟ್ಟರು. ಅಕ್ಷರ ದುಂಡಾಗಿತ್ತು, ಅಡಿಟಿಪ್ಪಣಿಗಳು ಒಪ್ಪವಾಗಿದ್ದುವು, ಕೊಟ್ಟವರು ಹಿರಿಯರು. ನಾನು ಕಾಗುಣಿತವನ್ನು ತಿದ್ದಿ ಅಚ್ಚಿಗೆ ಕಳುಹಿಸಿದೆನು. ಎರಡು ವರ್ಷಗಳ ತರುವಾಯ ಒಂದು ಮಧ್ಯಾಹ್ನ, ಬೇರೆ ಊರಿನ ಹೈಸ್ಕೂಲಿನಲ್ಲಿ ಅಧ್ಯಾಪಿಕೆಯಾಗಿದ್ದ ಹೆಣ್ಣುಮಗಳೊಬ್ಬಳು ಬೆರಳಚ್ಚು ಮಾಡಿಸಿದ ತನ್ನ ಮಹಾಪ್ರಬಂಧವನ್ನು ಕಂಕುಳಲ್ಲಿಟ್ಟುಕೊಂಡು ನನ್ನನ್ನು ಹುಡುಕಿಕೊಂಡು ಬಂದಳು. ನಮ್ಮ ಸಂಪುಟದ ಲೇಖನದಲ್ಲಿ ಹತ್ತೊಂಬತ್ತು ಪುಟಗಳು ಆ ಪ್ರಬಂಧದವು. ಅದಕ್ಕಿಂತ ದೊಡ್ಡ ಗುರುತು ಇನ್ನೊಂದಿತ್ತು. ಒಂದು ಶಾಸನದ ಏಳನೆಯ ಸಾಲಿನಲ್ಲಿ ಸವೆದ ಅಕ್ಷರವೊಂದನ್ನು ಆಕೆ ತಪ್ಪಾಗಿ ಓದಿದ್ದಳು. ಅನಂತರ ಮತ್ತೆ ಹೋಗಿ ಕಲ್ಲನ್ನು ತೊಳೆದು ನೋಡಿ, ತಪ್ಪೆಂದು ತನಗೇ ತಿಳಿದು, ಪ್ರಬಂಧದ ಅಂಚಿನಲ್ಲಿ ಪೆನ್ಸಿಲಿನಿಂದ ತಿದ್ದಿಕೊಂಡಿದ್ದಳು. ನಾವು ಅಚ್ಚು ಹಾಕಿದ ಲೇಖನದಲ್ಲಿ ಆ ತಪ್ಪೂ ಹಾಗೆಯೇ ಇತ್ತು.

“ನೀವು ಆ ಕಲ್ಲು ನೋಡಿದ್ರಾ ಸರ್?” ಎಂದಳು. ನೋಡಿಲ್ಲವೆಂದೆನು. “ಅವರು ನೋಡಿದ್ದಾರೋ ಇಲ್ಲವೋ ಅಂತಾದರೂ ಕೇಳಿದ್ರಾ?” ಎಂದಳು. ಅದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ.

ನಾನು ಆಕೆಯನ್ನು ಕೂರಿಸಿ, ಪ್ರಾಂಶುಪಾಲರ ಕೊಠಡಿಗೆ ಹೋಗಿ ವಿಷಯವನ್ನು ತಿಳಿಸಿದೆನು. ತಿದ್ದುಪಡಿಯ ಚೀಟಿಯೊಂದನ್ನು ಅಚ್ಚು ಹಾಕಿಸಿ ಸಂಪುಟಗಳೊಳಗೆ ಅಂಟಿಸಬಹುದಾಗಿತ್ತು. ಮುನ್ನೂರು ಪ್ರತಿಗಳ ಪೈಕಿ ಅರ್ಧಕ್ಕಿಂತ ಹೆಚ್ಚು ನಮ್ಮ ಉಗ್ರಾಣದಲ್ಲಿಯೇ ಇದ್ದುವು. ಕಾಲೇಜಿನ ಮರ್ಯಾದೆಯ ಪ್ರಶ್ನೆಯೆಂದೂ, ಹಿರಿಯರು ಇನ್ನೆರಡು ವರ್ಷಗಳಲ್ಲಿ ನಿವೃತ್ತರಾಗುವರೆಂದೂ ನನಗೆ ಹೇಳಲಾಯಿತು. ನಾನು ಒಪ್ಪಿಕೊಂಡೆನು. ಹೊರಗೆ ಬಂದು, “ಮುಂದಿನ ಸಂಪುಟದಲ್ಲಿ ನೋಡೋಣ ತಾಯಿ” ಎಂದೆನು. ಮುಂದಿನ ಸಂಪುಟವೆಂಬುದು ಬರಲೇ ಇಲ್ಲ. ಆಮೇಲೆ ಕಂಡ ಮೂರು ಪುಸ್ತಕಗಳಲ್ಲಿ ಆ ಶಾಸನಗಳ ಪ್ರಸ್ತಾಪವಿದ್ದು, ಮೂರರಲ್ಲಿಯೂ ಆಕರವಾಗಿ ನಮ್ಮ ಹಿರಿಯರ ಹೆಸರೇ ಇದೆ. ಒಂದರಲ್ಲಂತೂ ಏಳನೆಯ ಸಾಲಿನ ಆ ತಪ್ಪು ಪಾಠದ ಆಧಾರದ ಮೇಲೆ ಊರಿನ ಹೆಸರಿಗೆ ವ್ಯುತ್ಪತ್ತಿಯನ್ನೂ ಹೇಳಿದ್ದಾರೆ. ಕದ್ದವರು ತೀರಿಕೊಂಡು ಬಹಳ ಕಾಲವಾಯಿತು. ಅವರ ಮೇಲೆ ಈಗ ನನಗೆ ಕೋಪವಿಲ್ಲ. ಕಳವು ಅವರದು, ಅದನ್ನು ಮೂವತ್ತೈದು ವರ್ಷಕ್ಕೂ ಮೀರಿ ಜೀವಂತವಾಗಿರಿಸಿದ ಮೌನ ನನ್ನದು.

ಇದೆಲ್ಲ ಹಳೆಯ ಕಾಲದ ಮಾತು, ಈಗ ಎಲ್ಲಕ್ಕೂ ನಿಯಮಗಳಿವೆಯೆಂದು ಯಾರಾದರೂ ಹೇಳಬಹುದು. ನಿಯಮಗಳು ಬಂದಿರುವುದು ನಿಜ, ಅವುಗಳ ಜೊತೆಗೆ ಒಂದು ಸಂತೆಯೂ ಬಂದಿದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ ೨೦೧೦ರ ನಿಬಂಧನೆಗಳು ಅಧ್ಯಾಪಕರ ನೇಮಕಕ್ಕೂ ಬಡ್ತಿಗೂ ಅಂಕಗಳ ಲೆಕ್ಕವನ್ನು ತಂದುವು. ಇಷ್ಟು ಲೇಖನಕ್ಕೆ ಇಷ್ಟು ಅಂಕ. ಲೇಖನದೊಳಗೆ ಏನಿದೆಯೆಂದು ಓದಿ ನೋಡುವ ಕಷ್ಟವನ್ನು ಇದು ತಪ್ಪಿಸಿತು. ಎಣಿಸುವುದು ಸುಲಭ, ಓದುವುದು ಕಷ್ಟ. ಬೇಡಿಕೆ ಹುಟ್ಟಿದ ಕಡೆ ಅಂಗಡಿ ಹುಟ್ಟದೆ ಇರದು. ಹಣ ಕೊಟ್ಟರೆ ಮೂರೇ ದಿನಗಳಲ್ಲಿ ಪ್ರಕಟಿಸಿ ಪ್ರಮಾಣಪತ್ರವನ್ನೂ ಕಳುಹಿಸುವ ‘ಅಂತಾರಾಷ್ಟ್ರೀಯ’ ಪತ್ರಿಕೆಗಳು ಒಂದೊಂದು ಕೋಣೆಯಲ್ಲಿ ಹುಟ್ಟಿಕೊಂಡುವು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ಮೊಬೈಲಿಗೆ ಬಂದ ಇಂಥ ಸಂದೇಶವನ್ನು ನನಗೆ ತೋರಿಸಿದಳು. ಇಬ್ಬರು ಸೇರಿ ಬರೆದರೆ ರಿಯಾಯಿತಿ ಎಂದೂ ಅದರಲ್ಲಿತ್ತು. ಜವಳಿ ಅಂಗಡಿಯ ಆಷಾಢದ ಮಾರಾಟ ನೆನಪಾಯಿತು.

೨೦೧೩ರಲ್ಲಿ ಜಾನ್ ಬೊಹನನ್ ಎಂಬ ಪತ್ರಕರ್ತನು ಒಂದು ಪರೀಕ್ಷೆ ಮಾಡಿದನು. ಕಲ್ಲುಹೂವಿನಿಂದ ತೆಗೆದ ವಸ್ತುವೊಂದು ಕ್ಯಾನ್ಸರನ್ನು ತಡೆಯುತ್ತದೆಂದು ಹೇಳುವ ಒಂದು ಹುಸಿ ಲೇಖನವನ್ನು, ವಿಷಯ ಬಲ್ಲ ಯಾರಿಗಾದರೂ ದೋಷ ಕೂಡಲೇ ಕಾಣುವ ಹಾಗೆ ಬರೆದು, ಇಲ್ಲದ ಸಂಸ್ಥೆಗಳ ಇಲ್ಲದ ಲೇಖಕರ ಹೆಸರಿನಲ್ಲಿ ೩೦೪ ಪತ್ರಿಕೆಗಳಿಗೆ ಕಳುಹಿಸಿದನು. ೧೫೭ ಪತ್ರಿಕೆಗಳು ಅದನ್ನು ಸ್ವೀಕರಿಸಿದುವು. ಆ ಪತ್ರಿಕೆಗಳ ಅತಿ ದೊಡ್ಡ ನೆಲೆ ಭಾರತವೆಂದು ಅವನ ವರದಿ ಹೇಳಿತು. ಆಯೋಗವು ೨೦೧೭ರಲ್ಲಿ ಅಂಗೀಕೃತ ಪತ್ರಿಕೆಗಳ ಪಟ್ಟಿಯೊಂದನ್ನು ಹೊರಡಿಸಿತು. ಹೆಸರುಗಳು ಮೂವತ್ತು ಸಾವಿರಕ್ಕೂ ಮಿಕ್ಕಿದ್ದುವು. ಮರುವರ್ಷ ‘ಕರೆಂಟ್ ಸೈನ್ಸ್’ನಲ್ಲಿ ಪ್ರಕಟವಾದ ಪರಿಶೀಲನೆಯೊಂದು, ವಿಶ್ವವಿದ್ಯಾಲಯಗಳ ಶಿಫಾರಸಿನಿಂದಲೇ ಆ ಪಟ್ಟಿಯನ್ನು ಸೇರಿದ ಪತ್ರಿಕೆಗಳ ಒಂದು ಮಾದರಿಯನ್ನು ತೆಗೆದು ನೋಡಿ, ಅವುಗಳಲ್ಲಿ ಮಾನ್ಯ ಸೂಚಿಗಳಲ್ಲಿಲ್ಲದವು ಶೇಕಡಾ ೮೮ಕ್ಕೂ ಹೆಚ್ಚಿನ ಮಟ್ಟಿಗೆ ಕೆಳದರ್ಜೆಯವಿರಬಹುದೆಂದು ತೋರಿಸಿತು. ಶಿಫಾರಸು ಮಾಡಿದವರು ಯಾರು? ನಮ್ಮಂಥ ಪ್ರಾಧ್ಯಾಪಕರೇ. ೨೦೧೮ರ ಮೇ ತಿಂಗಳಲ್ಲಿ ೪,೩೦೫ ಪತ್ರಿಕೆಗಳನ್ನು ಪಟ್ಟಿಯಿಂದ ತೆಗೆದರು. ಅನಂತರ ‘ಕೇರ್’ ಎಂಬ ಹೊಸ ಪಟ್ಟಿ ಬಂದಿತು. ಅದನ್ನೂ ೨೦೨೫ರ ಫೆಬ್ರವರಿಯಲ್ಲಿ ನಿಲ್ಲಿಸಿ, ಯಾವ ಪತ್ರಿಕೆ ಯೋಗ್ಯವೆಂಬುದನ್ನು ಆಯಾ ವಿದ್ಯಾಸಂಸ್ಥೆಗಳೇ ನಿರ್ಣಯಿಸಿಕೊಳ್ಳಲಿ ಎಂದು ಆಯೋಗ ಕೈತೊಳೆದುಕೊಂಡಿತು. ಪಿಎಚ್.ಡಿ. ಪ್ರಬಂಧವನ್ನು ಸಲ್ಲಿಸುವ ಮೊದಲು ಲೇಖನ ಪ್ರಕಟವಾಗಿರಲೇಬೇಕೆಂಬ ಕಡ್ಡಾಯವನ್ನು ೨೦೨೨ರಲ್ಲಿಯೇ ಕೈಬಿಟ್ಟಿದ್ದರು. ಈ ಕಡೆಯ ಎರಡು ತೀರ್ಮಾನಗಳನ್ನು ಹಲವರು ದೂರುತ್ತಾರೆ. ನನಗೆ ಅವು ಸರಿಯೆಂದೇ ತೋರುತ್ತವೆ, ಏಕೆಂದರೆ ದಿಲ್ಲಿಯ ಪಟ್ಟಿ ನಮ್ಮ ಪರವಾಗಿ ಓದಲಾರದು. ಆದರೆ ಇದರಿಂದ ಹೊಣೆಯು ನೇರವಾಗಿ ನಮ್ಮ ಜಗಲಿಗೆ ಬಂದು ಕುಳಿತಿದೆಯೆಂಬುದನ್ನು ನಮ್ಮ ಸಂಸ್ಥೆಯವರು ಗಮನಿಸಬೇಕು.

ಅಧ್ಯಾಪಕರನ್ನೇ ಬೈದು ಮುಗಿಸುವುದು ನನ್ನ ಉದ್ದೇಶವಲ್ಲ. ತಿಂಗಳುಗಟ್ಟಲೆ ಸಂಬಳ ಕಾಣದೆ ಮೂರು ಕಾಲೇಜುಗಳಿಗೆ ಬಸ್ಸಿನಲ್ಲಿ ಓಡಾಡುವ ಅತಿಥಿ ಉಪನ್ಯಾಸಕನಿಗೆ, ನಾಳೆಯ ಸಂದರ್ಶನದಲ್ಲಿ ಲೇಖನವೆಷ್ಟು ಎಂದೇ ಕೇಳುವರೆಂದು ಗೊತ್ತಿರುವಾಗ, ಎರಡು ಸಾವಿರ ರೂಪಾಯಿ ಕೊಟ್ಟು ಅಚ್ಚು ಹಾಕಿಸಬೇಡವೆಂದು ನಿವೃತ್ತಿ ವೇತನದ ನೆರಳಿನಲ್ಲಿ ಕುಳಿತ ನಾನು ಹೇಗೆ ಹೇಳಲಿ? ಅವನಿಗಿಂತ ಹೆಚ್ಚಿನ ತಪ್ಪು ತಾನು ಓದದ ಲೇಖನಕ್ಕೆ ಮಾರ್ಗದರ್ಶಕನೆಂಬ ಹಕ್ಕಿನಿಂದ ಮೊದಲನೆಯ ಹೆಸರಾಗಿ ನಿಲ್ಲುವವನದು. ವಿದ್ಯಾರ್ಥಿಯ ಕ್ಷೇತ್ರಕಾರ್ಯ, ವಿದ್ಯಾರ್ಥಿಯ ನಿದ್ದೆಗೆಟ್ಟ ರಾತ್ರಿಗಳು, ಗುರುವಿನ ಹೆಸರು. ಇದನ್ನು ಗುರುಭಕ್ತಿಯೆಂದು ಕರೆಯುವ ರೂಢಿಯೂ ನಮ್ಮಲ್ಲಿದೆ. ಗುರುವಾದವನು ಹಾಗೆ ಕರೆಯಲು ಬಿಡಬಾರದು.

ಇನ್ನು ಯಂತ್ರಗಳ ವಿಷಯ. ಕೃತಿಚೌರ್ಯವನ್ನು ಹಿಡಿಯುವ ತಂತ್ರಾಂಶಗಳು ಬಂದಿವೆ. ೨೦೧೮ರ ನಿಬಂಧನೆಗಳು ಶೇಕಡಾ ಹತ್ತರವರೆಗಿನ ಹೋಲಿಕೆಗೆ ದಂಡವಿಲ್ಲವೆಂದು ಹೇಳಿದುವು. ಅದರ ಫಲವಾಗಿ, ಹತ್ತಕ್ಕಿಂತ ಕಡಿಮೆ ಬಂದರೆ ಲೇಖನ ಶುದ್ಧ ಎಂಬ ಹೊಸದೊಂದು ಮಡಿ ಹುಟ್ಟಿಕೊಂಡಿದೆ. ಆ ಹೆಣ್ಣುಮಗಳ ಬೆರಳಚ್ಚು ಪ್ರಬಂಧವು ಯಾವ ಗಣಕಯಂತ್ರದಲ್ಲಿಯೂ ಇರಲಿಲ್ಲ. ಇಂದು ಯಾರಾದರೂ ಅದನ್ನು ಪುಟಕ್ಕೆ ಪುಟ ಇಳಿಸಿಕೊಂಡರೂ ತಂತ್ರಾಂಶ ಶುದ್ಧವೆಂದೇ ಹೇಳುವುದು. ಇಂಗ್ಲಿಷಿನಿಂದ ಕನ್ನಡಕ್ಕೆ ಕದ್ದು ತಂದರೂ ಅಷ್ಟೆ. ಈಚೆಗೆ ಲೇಖನವನ್ನು ತಾನೇ ಬರೆದುಕೊಡುವ ಕೃತಕ ಬುದ್ಧಿಯೂ ಬಂದಿದೆಯಷ್ಟೆ. ಪತ್ರಿಕಾ ಸಂಪಾದಕರಿಗೆ ನೀತಿನಿಯಮಗಳನ್ನು ಸೂಚಿಸಲು ಬ್ರಿಟನ್ನಿನಲ್ಲಿ ೧೯೯೭ರಲ್ಲಿ ಹುಟ್ಟಿದ ಒಂದು ಸಮಿತಿಯಿದೆ. ಅದರ ಸಂಕ್ಷಿಪ್ತ ನಾಮ ‘ಕೋಪ್’ ಎಂದಿರುವುದು ಕನ್ನಡಿಗರಿಗೆ ಸ್ವಲ್ಪ ನಗು ತರಿಸಬಹುದು. ಇಂಥ ಯಂತ್ರವನ್ನು ಲೇಖಕನೆಂದು ಹೆಸರಿಸಕೂಡದೆಂದು ಆ ಸಮಿತಿ ೨೦೨೩ರಲ್ಲಿ ತಿಳಿಸಿತು. ಅದು ಕೊಟ್ಟ ಕಾರಣ ನನಗೆ ಬಹಳ ಹಿಡಿಸಿತು: ಬರೆದದ್ದಕ್ಕೆ ಯಂತ್ರವು ಹೊಣೆ ಹೊರಲಾರದು ಎಂಬುದೇ ಆ ಕಾರಣ. ಆದರೆ ಓದದೆ ಹೆಸರು ಹಾಕಿದ ಸಹಲೇಖಕನೂ, ಕಾಗುಣಿತ ಮಾತ್ರ ತಿದ್ದಿದ ಸಂಪಾದಕನೂ ಯಂತ್ರಕ್ಕಿಂತ ಹೆಚ್ಚೇನು ಮಾಡಿದಂತಾಯಿತು?

ಈಗ ನಮ್ಮ ಪತ್ರಿಕೆಯ ಮಾತಿಗೆ ಬರುತ್ತೇನೆ. ಪತ್ರಿಕೆಗೆ ಐ.ಎಸ್.ಎಸ್.ಎನ್. ಸಂಖ್ಯೆಯನ್ನು ಪಡೆದುಕೊಳ್ಳುವುದು ಕಷ್ಟವಲ್ಲ. ಆ ಸಂಖ್ಯೆಯಾದರೋ ಮನೆಗೆ ಪಂಚಾಯತಿಯವರು ಬರೆದು ಹೋಗುವ ನಂಬರಿನಂತೆ; ಮನೆಯಲ್ಲಿರುವವರು ಎಂಥವರೆಂದು ಅದು ಹೇಳುವುದಿಲ್ಲ. ಕಷ್ಟವಿರುವುದು ಮುಂದೆ. ನಮ್ಮ ಸಂಸ್ಥೆಯ ಅಧ್ಯಾಪಕರ ಲೇಖನವನ್ನು ನಮ್ಮ ಸಂಸ್ಥೆಯ ಅಧ್ಯಾಪಕರೇ ಪರಿಶೀಲಿಸಿ, ನಮ್ಮ ಸಂಸ್ಥೆಯೇ ಪ್ರಕಟಿಸಿ, ಅದನ್ನು ತೋರಿಸಿ ನಮ್ಮ ಸಂಸ್ಥೆಯಲ್ಲಿಯೇ ಬಡ್ತಿ ಕೊಡುವುದಾದರೆ, ಆ ಸುತ್ತಿನಲ್ಲಿ ಎಲ್ಲಿಯೂ ಸಾಕ್ಷಿಯ ಪ್ರಶ್ನೆಯೇ ಏಳುವುದಿಲ್ಲ. ಪತ್ರಿಕೆಯನ್ನು ಮಾಡುವುದಾದರೆ ಲೇಖನಗಳನ್ನು ಪರಿಶೀಲಿಸುವವರು ಹೊರಗಿನವರಾಗಿರಲಿ. ಲೇಖಕನು ಯಾರೆಂದು ಅವರಿಗೆ ತಿಳಿಯದಿರಲಿ. ಅಧ್ಯಾಪಕರಿಂದ ಒಂದು ಕಾಸನ್ನೂ ತೆಗೆದುಕೊಳ್ಳಕೂಡದು. ವರ್ಷಕ್ಕೆ ನಾಲ್ಕು ಸಂಚಿಕೆ ಬರಲೇಬೇಕೆಂಬ ಹಟ ಬೇಡ. ಒಳ್ಳೆಯ ಮೂರು ಲೇಖನ ಕೂಡಿದಾಗ ಒಂದು ಸಂಚಿಕೆ ಬಂದರೆ ಸಾಕು. ಬರದಿದ್ದರೂ ನಷ್ಟವಿಲ್ಲ. ಸಂಸ್ಥೆಯ ಪ್ರಾಂಶುಪಾಲರ ಲೇಖನವನ್ನು ತಿರಸ್ಕರಿಸುವ ಸ್ವಾತಂತ್ರ್ಯ ಸಂಪಾದಕನಿಗೆ ಇರುವುದಾದರೆ, ಆ ಸಂಪಾದಕನು ಮರುದಿನವೂ ಅದೇ ಕುರ್ಚಿಯಲ್ಲಿ ಕೂರಬಲ್ಲನಾದರೆ, ಆಗ ಅದು ಪತ್ರಿಕೆಯಾದೀತು.

ದಾನಿಗಳಲ್ಲಿ ಒಂದು ಬಿನ್ನಹ. ತಮ್ಮ ದತ್ತಿಯು ನುಣುಪಾದ ಕಾಗದಕ್ಕೂ ಬಿಡುಗಡೆಯ ಸಮಾರಂಭಕ್ಕೂ ವೆಚ್ಚವಾಗುವುದಕ್ಕಿಂತ, ಲೇಖನಗಳನ್ನು ನಿಜವಾಗಿ ಕುಳಿತು ಓದುವ ವಿದ್ವಾಂಸರ ಗೌರವಧನಕ್ಕೂ, ಶಾಸನವೋ ತಾಡೋಲೆಯೋ ಇರುವ ಊರಿಗೆ ಹೋಗಿ ನೋಡಿ ಬರುವ ಬಸ್ಸಿನ ವೆಚ್ಚಕ್ಕೂ ಮೀಸಲಾಗಲಿ. ಇದರಲ್ಲಿ ಯಾರ ಭಾವಚಿತ್ರವನ್ನೂ ಅಚ್ಚು ಹಾಕಲು ಅವಕಾಶವಿರುವುದಿಲ್ಲವೆಂದು ನಾನು ಬಲ್ಲೆ.

ಇನ್ನೊಂದು ಮಾತನ್ನು ಸಂಕೋಚದಿಂದಲೇ ಹೇಳುತ್ತೇನೆ. ಇಂಥ ಪತ್ರಿಕೆಗಳಲ್ಲಿ ಪರಮಪೂಜ್ಯರ ಹೆಸರನ್ನು ಗೌರವ ಪ್ರಧಾನ ಸಂಪಾದಕರೆಂದು ಮೊದಲ ಪುಟದಲ್ಲಿ ಹಾಕುವುದು ನಡೆದು ಬಂದಿರುವ ಪದ್ಧತಿ. ಭಕ್ತಿಯಿಂದ ಮಾಡುವುದೇ ಸರಿ. ಆದರೆ ಶ್ರೀಮಠದ ನೂರಾರು ಕಾರ್ಯಗಳ ನಡುವೆ ಸನ್ನಿಧಿಯವರು ಒಂದೊಂದು ಲೇಖನವನ್ನೂ ಓದಿ ನೋಡುವುದು ಸಾಧ್ಯವೇ? ನಾಳೆ ಅದರಲ್ಲೊಂದು ಕದ್ದ ಲೇಖನವೆಂದು ತಿಳಿದುಬಂದರೆ, ಆ ಹೆಸರಿಗೆ ತಗಲುವ ಕಳಂಕಕ್ಕೆ ಹೊಣೆ ಯಾರು? ಪೂಜ್ಯರ ಆಶೀರ್ವಾದ ಪತ್ರಿಕೆಗೆ ಇರಲಿ. ಸಂಪಾದಕ ಮಂಡಲಿಯಲ್ಲಿ ಲೇಖನ ಓದಿದವರ ಹೆಸರು ಮಾತ್ರ ಇರಲಿ. ಈ ಸೂಚನೆಯಿಂದ ಅವರಿಗೆ ಅಸಮಾಧಾನವಾಗದೆಂಬ ನಂಬಿಕೆ ನನಗಿದೆ. ಅಸಮಾಧಾನವಾಗುವುದಿದ್ದರೆ ಸುತ್ತಲಿನ ನಮ್ಮಂಥವರಿಗೆ.

ನನ್ನ ಒಪ್ಪಿಗೆಯನ್ನು ಕುರಿತು: ‘ಹೆಸರು ಮಾತ್ರ’ ಎಂಬ ಷರತ್ತಿನ ಮೇಲೆ ನಾನು ಬರಲಾರೆ. ವಯಸ್ಸಾಗಿದೆ, ಕಣ್ಣು ಮಂಜಾಗಿದೆ. ಆದರೂ ಶಾಸನ ಮತ್ತು ಹಳಗನ್ನಡಕ್ಕೆ ಸಂಬಂಧಿಸಿದಂತೆ ವರ್ಷಕ್ಕೆ ನಾಲ್ಕು ಲೇಖನಗಳನ್ನು ಓದಿ, ಆಕರಗಳನ್ನು ಹೋಲಿಸಿ ನೋಡಿ, ಅಭಿಪ್ರಾಯ ಬರೆದುಕೊಡಬಲ್ಲೆ. ಅಷ್ಟಕ್ಕೆ ಕರೆದರೆ ಬರುತ್ತೇನೆ. ಮತ್ತು ಪತ್ರಿಕೆಯ ಪ್ರತಿ ಸಂಚಿಕೆಯಲ್ಲಿ ‘ತಿದ್ದುಪಡಿ’ ಎಂಬ ಒಂದು ಪುಟವನ್ನು, ಕೊನೆಯಲ್ಲಿ ಜಾಹೀರಾತುಗಳ ನಡುವೆ ಅಲ್ಲ, ಪರಿವಿಡಿಯ ಎದುರಿಗೇ ಇಡಬೇಕೆಂದು ಕೇಳಿಕೊಳ್ಳುತ್ತೇನೆ.

ಮೊದಲ ಸಂಚಿಕೆಯ ಆ ಪುಟಕ್ಕೆ ಬೇಕಾದ ಬರೆಹವನ್ನು ಈಗಾಗಲೇ ಸಿದ್ಧಮಾಡಿಟ್ಟಿದ್ದೇನೆ. ೧೯೮೭ರ ಆ ಸಂಪುಟದ ಶಾಸನಗಳ ಲೇಖನದಲ್ಲಿ ಯಾವ ಪುಟದಿಂದ ಯಾವ ಪುಟದವರೆಗಿನ ಭಾಗ ಯಾರ ಪ್ರಬಂಧದ್ದೆಂದೂ, ಏಳನೆಯ ಸಾಲಿನ ಸರಿಯಾದ ಪಾಠ ಯಾವುದೆಂದೂ ಅದರಲ್ಲಿ ಬರೆದು, ಕೆಳಗೆ ಸಂಪಾದಕನೆಂದು ಸಹಿ ಮಾಡಿದ್ದೇನೆ. ಹೋದ ತಿಂಗಳು ಆಕೆಯ ವಿಳಾಸವನ್ನು ವಿಚಾರಿಸಿ ತಿಳಿದು, ಅದರ ಒಂದು ಪ್ರತಿಯನ್ನು ಅಂಚೆಯಲ್ಲಿ ಕಳುಹಿಸಿದೆನು. ಹದಿನೈದು ದಿನಗಳ ಮೇ‌ಲೆ ಅದು ಹಿಂದಿರುಗಿ ಬಂದಿತು. ಎರಡು ಕಡೆ ಕಾಗುಣಿತ ತಿದ್ದಿತ್ತು, ಏಳನೆಯ ಸಾಲಿನ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಗುರುತಿತ್ತು. ಆ ಅಕ್ಷರವನ್ನು ಇನ್ನೊಮ್ಮೆ ಕಲ್ಲಿನ ಮೇಲೆಯೇ ನೋಡಿ ಆಮೇಲೆ ಅಚ್ಚಿಗೆ ಕೊಡಬೇಕೆಂದು ಬರೆದಿದ್ದಾರೆ.